ಹಿಟ್ಟು ನೋಡಿ ಹಿಂದಿರುಗದವನು

ಪೂಜ್ಯ ಸಂದ್ಯಾಗಪ್ಪ ಸ್ವಾಮಿಗಳು ಹಂಚೀಕೊಪ್ಪಲಿನ ಅನಾಥಾಶ್ರಮದಲ್ಲಿದ್ದ ಕಾಲದ ಮಾತಿದು. ಆಶ್ರಮವೆಂದರೆ ದೊಡ್ಡದೇನಲ್ಲ. ಹಂಚು ಹೊದಿಸಿದ ಎರಡು ಸಾಲು ಮನೆ, ನಡುವೆ ಒಂದು ಬಾವಿ, ಪಕ್ಕದಲ್ಲಿ ಐವತ್ತು ಜನ ಒತ್ತಿಕೊಂಡು ಕೂರಬಹುದಾದ ಪುಟ್ಟ ಗುಡಿ. ದಿಕ್ಕಿಲ್ಲದ ಮುದುಕ ಮುದುಕಿಯರನ್ನು ನಾಲ್ವರು ಸಿಸ್ಟರುಗಳು ಅಲ್ಲಿ ನೋಡಿಕೊಳ್ಳುತ್ತಿದ್ದರು. ಸ್ವಾಮಿಗಳ ಕೋಣೆ ಅಡುಗೆಮನೆಗೆ ಅಂಟಿಕೊಂಡಿತ್ತು. ಸೌದೆಯ ಹೊಗೆಗೆ ಅದರ ಗೋಡೆಯೆಲ್ಲ ಕಪ್ಪಾಗಿತ್ತು. ಬೆಳಗಿನ ಪೂಜೆ ಮುಗಿಸಿ ಬಂದವರೇ ಅವರು ಜಗಲಿಯ ಮೇಲೆ ಮೊರ ಹಿಡಿದು ಕುಳಿತು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ಗುರುದೀಕ್ಷೆ ಪಡೆದವರು ಮೊರ ಹಿಡಿಯುವುದೇ ಎಂದು ಸಿಸ್ಟರುಗಳಿಗೆ ಮೊದಮೊದಲು ಮುಜುಗರವಾಗಿತ್ತಂತೆ. “ಈ ಕೆಲಸಕ್ಕೆ ಲ್ಯಾಟಿನ್ ಬೇಡ ಸಿಸ್ಟರಮ್ಮ, ಕಣ್ಣಿದ್ದರೆ ಸಾಕು” ಎಂದು ಸ್ವಾಮಿಗಳು ನಕ್ಕುಬಿಟ್ಟಿದ್ದರು.

ಅವರನ್ನು ಕಾಣಲು ಜನ ದೂರದೂರದಿಂದ ಬರುತ್ತಿದ್ದರು. ಹಾಗೆ ಬಂದವರಲ್ಲಿ ಕಗ್ಗಲಪಾಳ್ಯದ ಮದಲೇನಮ್ಮ ಒಬ್ಬಳು. ಅವಳ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಕಗ್ಗಲಪಾಳ್ಯ ಎಂಬತ್ತು ಕ್ರೈಸ್ತ ಮನೆಗಳ ಊರು. ಅಲ್ಲಿನ ಗುಡಿಗೆ ಪೂಜೆಯ ರೊಟ್ಟಿ ಸುಡುವ ಕೆಲಸ ಮದಲೇನಮ್ಮನ ಮನೆತನಕ್ಕೆ ಸೇರಿದ್ದು. ಹಿಂದೆ ಫ್ರಾನ್ಸ್ ದೇಶದ ಪಾದ್ರಿಗಳು ಬಿಟ್ಟುಹೋಗಿದ್ದ ಉದ್ದ ಹಿಡಿಕೆಯ ಕಬ್ಬಿಣದ ಇಕ್ಕಳವೊಂದು ಅವರ ಮನೆಯಲ್ಲಿತ್ತು. ಅದರ ಎರಡು ತಟ್ಟೆಗಳ ನಡುವೆ ನೀರಾಗಿ ಕಲಸಿದ ಗೋದಿಹಿಟ್ಟು ಹೊಯ್ದು ಕೆಂಡದ ಮೇಲೆ ಹಿಡಿದರೆ, ಶಿಲುಬೆಯ ಗುರುತು ಮೂಡಿದ, ಕಾಗದದಷ್ಟು ತೆಳ್ಳನೆಯ ಬಿಳಿ ರೊಟ್ಟಿ ಬರುತ್ತಿತ್ತು. ಗೋದಿ ಮತ್ತು ನೀರು, ಇಷ್ಟೇ ಅದರ ಸಾಮಗ್ರಿ. ಉಪ್ಪೂ ಕೂಡದು, ಬೇರೆ ಧಾನ್ಯವಂತೂ ಕೂಡಲೇ ಕೂಡದು. ಗೋದಿಯದಲ್ಲದ ರೊಟ್ಟಿಯ ಮೇಲೆ ಗುರುಗಳು ಎಷ್ಟು ಮಂತ್ರ ಹೇಳಿದರೂ ಅದು ಕ್ರಿಸ್ತರ ಶರೀರವಾಗುವುದಿಲ್ಲ ಎಂಬುದು ಧರ್ಮಸಭೆಯ ಕಟ್ಟಳೆ. ಮದಲೇನಮ್ಮನ ಅಜ್ಜಿ ಸುಟ್ಟಳು, ಅವ್ವ ಲೂಸಿಯಮ್ಮ ಸುಟ್ಟಳು, ಗಂಡ ಸತ್ತು ತವರಿಗೆ ಮರಳಿದ ಮೇಲೆ ಮದಲೇನಮ್ಮ ಸುಡತೊಡಗಿದಳು. ಮಕ್ಕಳಿಲ್ಲದ ಅವಳಿಗೆ ಈ ಕೆಲಸವೇ ಮಾನ, ಇದೇ ಮರ್ಯಾದೆ.

ಆ ವರ್ಷ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಲೂಸಿಯಮ್ಮ ಹಾಸಿಗೆ ಹಿಡಿದಳು. ಅವಳ ಗಂಜಿಗೆಂದು ಮದಲೇನಮ್ಮ ಅಕ್ಕಿಹಿಟ್ಟು ಬೀಸಿ ಡಬ್ಬದಲ್ಲಿ ತುಂಬಿ, ಗೋದಿಹಿಟ್ಟಿನ ಡಬ್ಬದ ಪಕ್ಕದಲ್ಲೇ ಇಟ್ಟಿದ್ದಳು. ಒಂದು ಸಂಜೆ ಪೂಜೆಯ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಾಗ ಒಳಗಿನಿಂದ ಅವ್ವ ನರಳಿದಳು. ಮದಲೇನಮ್ಮ ಎದ್ದು ಓಡಿದಳು, ನೀರು ಕುಡಿಸಿದಳು, ಎದೆ ನೀವಿದಳು, ಮರಳಿ ಬಂದು ಡಬ್ಬಕ್ಕೆ ಕೈ ಹಾಕಿ ಇನ್ನೆರಡು ಹಿಡಿ ಹಿಟ್ಟು ಸುರಿದಳು. ಯಾವ ಡಬ್ಬಕ್ಕೆ? ಆಗ ಆ ಪ್ರಶ್ನೆ ಹುಟ್ಟಲೇ ಇಲ್ಲ. ನಾಲ್ಕು ದಿನಕ್ಕೆ ಊರಿನ ಗುರುಗಳು ಬಂದು ಅದೇ ರೊಟ್ಟಿಯನ್ನು ಲೂಸಿಯಮ್ಮನಿಗೆ ಕಡೆಯ ಪ್ರಸಾದವಾಗಿ ಕೊಟ್ಟರು. ಅವಳು ಬಾಯಿ ತೆರೆದು ಸ್ವೀಕರಿಸಿ, ಸಮಾಧಾನದಿಂದ ಕಣ್ಣು ಮುಚ್ಚಿದಳು.

ಮಣ್ಣು ಮಾಡಿ ಬಂದ ಮೇಲೆ ಡಬ್ಬಗಳನ್ನು ತೊಳೆಯಲು ಕೈಗೆತ್ತಿಕೊಂಡಾಗ ಮದಲೇನಮ್ಮನ ಎದೆ ಧಸಕ್ಕೆಂದಿತು. ಅಕ್ಕಿಹಿಟ್ಟಿನ ಡಬ್ಬ ಅವಳು ಎಣಿಸಿದ್ದಕ್ಕಿಂತ ಖಾಲಿಯಾಗಿತ್ತು. ಗಂಜಿಗೆ ಹೋಯಿತೋ, ರೊಟ್ಟಿಗೆ ಹೋಯಿತೋ? ನೆನಪಿಸಿಕೊಂಡಷ್ಟೂ ನೆನಪು ಕಲಸಿಹೋಯಿತು. ರೊಟ್ಟಿಗೆ ಹೋಗಿದ್ದರೆ, ಅವ್ವ ಪ್ರಸಾದವಿಲ್ಲದೆ ಬರಿಬಾಯಲ್ಲಿ ಹೋದಳು. ತನ್ನ ಕೈಯಿಂದಲೇ ಹೋದಳು.

ಅಂದಿನಿಂದ ಮದಲೇನಮ್ಮನಿಗೆ ಅನ್ನ ನಿದ್ದೆ ಎರಡೂ ಬಿಟ್ಟುಹೋದವು. ಊರಿನ ಗುರುಗಳ ಬಳಿ ಪಾಪನಿವೇದನೆ ಮಾಡಿದಳು. “ಹೋಗಮ್ಮ, ಒಂದಿಷ್ಟು ಬೆರೆತಿದ್ದರೂ ದೋಷವಿಲ್ಲ” ಎಂದರು. ಹಗುರಾಗಿ ಮನೆಗೆ ಹೊರಟವಳನ್ನು ಬಾಗಿಲು ಮುಟ್ಟುವುದರೊಳಗೆ ಮನಸ್ಸು ಮತ್ತೆ ಕೆದಕಿತು: ಒಂದಿಷ್ಟೆಂದರೆ ಎಷ್ಟು? ನೀನು ಎರಡು ಹಿಡಿ ಎಂದೆ, ಮೂರಿದ್ದರೆ? ಪಕ್ಕದ ಊರಿನ ಗುರುಗಳ ಬಳಿ ಹೋದಳು. ಅವರೂ ಸಮಾಧಾನ ಹೇಳಿದರು. ಅದು ಒಂದು ಹೊತ್ತಿನ ಊಟದಷ್ಟೂ ಬಾಳಲಿಲ್ಲ. ಪಟ್ಟಣದ ಗುರುಗಳು ಮಾತ್ರ ಮೂರನೆಯ ಸಲ ಬಂದವಳನ್ನು ಕಂಡು ರೇಗಿದರು. “ವಿಶ್ವಾಸ ಇದ್ದವರಿಗೆ ಇಷ್ಟು ಭಯ ಇರೋಲ್ಲಮ್ಮ. ಮೊದಲು ವಿಶ್ವಾಸ ಬೇಡಿಕೋ” ಎಂದರು. ಬೆಂದ ಗಾಯದ ಮೇಲೆ ಬರೆ ಎಳೆದಂತಾಯಿತು. ಅಲ್ಲಿಯವರೆಗೆ ಹಿಟ್ಟಿನ ಭಯವೊಂದೇ ಇತ್ತು. ಈಗ ಭಯಪಡುತ್ತೇನಲ್ಲ ಎಂಬ ಭಯವೂ ಸೇರಿಕೊಂಡಿತು. ಗುರುಗಳು ಕೆಟ್ಟವರಲ್ಲ, ಪಾಪ. ಅವರಿಗೆ ಹಸಿವಾಗಿತ್ತೋ ಏನೋ.

ಇಕ್ಕಳವನ್ನು ಗುಡಿಗೆ ಒಪ್ಪಿಸಿ, ಕೈ ನಡುಗುತ್ತದೆ ಎಂದು ನೆಪ ಹೇಳಿದಳು. ಭಾನುವಾರ ಗುಡಿಗೆ ಹೋಗುತ್ತಿದ್ದಳು, ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದಳು, ಎಲ್ಲರೂ ಪ್ರಸಾದಕ್ಕೆ ಹೋಗುವಾಗ ತಾನು ಹೊರಗೆ ಜಾರುತ್ತಿದ್ದಳು. ಯಾರ ಬಳಿ ಹೇಳುವುದು? ಹೇಳಿದರೆ ಊರಿನ ಎಂಬತ್ತು ಮನೆಯೂ ಆ ಪಾಸ್ಕದಲ್ಲಿ ತಾವು ತಿಂದದ್ದೇನು ಎಂದು ಕೇಳುವುದಿಲ್ಲವೇ? ತನ್ನ ಬೇನೆಯನ್ನು ಊರಿಗೆಲ್ಲ ಹಂಚಿದಂತಾಗುವುದಿಲ್ಲವೇ? ಬಾಯಿ ಹೊಲಿದುಕೊಂಡಳು. ಊರ ಬಾಯಿಗೆ ಯಾರು ಹೊಲಿಗೆ ಹಾಕುತ್ತಾರೆ! ಒಂಟಿ ಹೆಂಗಸು ಪ್ರಸಾದ ಬಿಟ್ಟಿದ್ದಾಳೆ ಎಂದರೆ ಏನೋ ಇರಬೇಕು ಎಂದು ಬಾವಿಕಟ್ಟೆಯಲ್ಲಿ ಗುಸುಗುಸು ಹಬ್ಬಿತು. ಅವಳು ನೀರಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಹೀಗೆ ಒಂಬತ್ತು ತಿಂಗಳು ಕಳೆದವು. ಯೇಸುಸ್ವಾಮಿ ಕಲಿಸಿದ ಪರಲೋಕ ಮಂತ್ರ ಹೇಳಲು ಕುಳಿತರೂ ಅರ್ಧಕ್ಕೆ ನಿಲ್ಲಿಸಿ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮೊದಲಿನಿಂದ ಶುರುಮಾಡುವಳು. ದೇವರ ಜೊತೆ ಮಾತಾಡಲೂ ಅವಳಿಗೆ ಧೈರ್ಯ ಉಳಿದಿರಲಿಲ್ಲ. ಅಷ್ಟು ಒಬ್ಬಳಾಗಿಹೋಗಿದ್ದಳು.

ಯಾರೋ ಹಂಚೀಕೊಪ್ಪಲಿನ ಸ್ವಾಮಿಗಳ ಹೆಸರು ಹೇಳಿದರು. ಅವರು ಮನಸ್ಸಿನೊಳಗಿನದನ್ನು ಕಾಣುತ್ತಾರಂತೆ. ಹಾಗಾದರೆ ಯಾವ ಡಬ್ಬ ಎಂದು ಅವರಿಗೆ ಗೊತ್ತಿರುತ್ತದೆ ಎಂದು ಮದಲೇನಮ್ಮ ಬಸ್ಸು ಹತ್ತಿದಳು. ಅವಳಿಗೆ ಬೇಕಿದ್ದುದು ಅಷ್ಟೇ. ಒಂದು ಹೌದು, ಇಲ್ಲವೇ ಒಂದು ಅಲ್ಲ.

ಅವಳು ಬಂದಾಗ ಸ್ವಾಮಿಗಳು ಎಂದಿನಂತೆ ಜಗಲಿಯಲ್ಲಿದ್ದರು. ಮಹಾತ್ಮರೆಂದರೆ ಹೇಗೋ ಇರುತ್ತಾರೆ ಎಂದುಕೊಂಡಿದ್ದ ಮದಲೇನಮ್ಮನಿಗೆ, ತೇಪೆ ಹಾಕಿದ ನಿಲುವಂಗಿಯ ಈ ಸಣಕಲು ಮುದುಕರನ್ನು ಕಂಡು ಸ್ವಲ್ಪ ನಿರಾಸೆಯೇ ಆಯಿತು.

“ಸ್ತೋತ್ರ ಸ್ವಾಮ್ಯೋರೆ.”

“ಸ್ತೋತ್ರ ಕಣವ್ವ. ಬಾ, ಕೂತ್ಕೋ” ಎಂದು ಸ್ವಾಮಿಗಳು ಮೊರದ ಅರ್ಧ ಕಾಳನ್ನು ಅವಳ ಮುಂದಕ್ಕೆ ಸರಿಸಿದರು.

ಅವಳು ಕಾಳು ಆರಿಸುತ್ತಲೇ ಎಲ್ಲವನ್ನೂ ಹೇಳಿದಳು. ಅವ್ವನ ನರಳಿಕೆ, ಎರಡು ಡಬ್ಬ, ಮೂರು ಗುರುಗಳು, ಬಾವಿಕಟ್ಟೆ. ಒಂದೊಂದನ್ನೂ ಎರಡೆರಡು ಸಲ ಹೇಳಿದಳು, ಎಲ್ಲಿ ತಪ್ಪು ಹೇಳಿಬಿಡುತ್ತೇನೋ ಎಂದು.

“ನಿಮಗೆ ಎಲ್ಲಾ ಕಾಣಿಸ್ತದಂತಲ್ಲ ಸ್ವಾಮ್ಯೋರೆ. ಹೇಳ್ಬುಡಿ. ಯಾವ ಡಬ್ಬಕ್ಕೆ ಕೈ ಹಾಕ್ದೆ ನಾನು?”

“ನಂಗೆ ಗೊತ್ತಿಲ್ಲ ಕಣವ್ವ.”

ಮದಲೇನಮ್ಮ ಬೆಪ್ಪಾದಳು. ಇಷ್ಟು ದಿನದಲ್ಲಿ ಹೀಗೆಂದವರು ಯಾರೂ ಇರಲಿಲ್ಲ. ಸ್ವಾಮಿಗಳು ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದು, ಮೆಲ್ಲಗೆ ಕೇಳಿದರು:

“ನಿಮ್ಮವ್ವ ಬಾಯಿ ತೆರೆದದ್ದು ಯಾರಿಗೆ?”

“ಯೇಸುಸ್ವಾಮಿಗೆ.”

“ಆತ ಹಿಟ್ಟು ನೋಡಿ ವಾಪಸ್ಸು ಹೋಗೋನೇನವ್ವ?”

ಮದಲೇನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವ್ವ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಸ್ವಾಮಿಗಳು ಅವಳ ಮುಂದಿನ ಕಾಳನ್ನೂ ತಮ್ಮ ಕಡೆಗೆ ಎಳೆದುಕೊಂಡು ಆರಿಸುತ್ತ ಕುಳಿತರು. ಅಳು ನಿಂತ ಮೇಲೆ, “ನಾಳೆ ಪೂಜೆಗೆ ರೊಟ್ಟಿ ಇಲ್ಲ. ಇಲ್ಲೂ ಒಂದು ಇಕ್ಕಳ ಐತೆ. ಸುಟ್ಕೊಡು. ಹಿಟ್ಟು ಒಂದೇ ಸಲ ಜರಡಿ ಹಿಡಿ, ಎರಡನೇ ಸಲ ಬೇಡ” ಎಂದು ಎದ್ದುಹೋದರು.

ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಭಕ್ತರಿಗೆ ಹೇಳಿಕೊಳ್ಳಲು ಒಳ್ಳೆಯ ಮಾತು ಸಿಕ್ಕಿತು, ಹೆಂಗಸಿನ ಕಣ್ಣೀರೂ ಹರಿಯಿತು. ಆದರೆ ಭಯ ಅಂಥ ಮರ್ಯಾದಸ್ಥ ನೆಂಟನಲ್ಲ, ಹೋಗು ಎಂದ ಕೂಡಲೇ ಚಪ್ಪಲಿ ಮೆಟ್ಟುವುದಕ್ಕೆ.

ಮಧ್ಯಾಹ್ನ ಸಿಸ್ಟರು ಹಿಟ್ಟಿನ ಡಬ್ಬ ತಂದಿಟ್ಟು ಹೋದರು. ಮದಲೇನಮ್ಮ ಒಮ್ಮೆ ಜರಡಿ ಹಿಡಿದಳು. ಹಿಟ್ಟು ಬೆಳ್ಳಗೆ ಬಿತ್ತು. ಅಷ್ಟರಲ್ಲೇ ಒಳಗಿನ ಹಳೆಯ ದನಿ ಎದ್ದಿತು. ಇದು ಗೋದಿಯೇ ಎಂದು ನಿನಗೆ ಹೇಗೆ ಗೊತ್ತು? ಬೀಸಿದವರು ಕಲ್ಲು ತೊಳೆದಿದ್ದರೇ? ಬೆಳಿಗ್ಗೆ ಸ್ವಾಮಿಗಳು ಹೇಳಿದ ಮಾತನ್ನು ನೆನೆದುಕೊಂಡಳು. ಅದು ಬರಿಯ ಮಾತಾಗಿ ಕೇಳಿಸಿತು. ಹೌದು, ಆತ ಹಿಂದಿರುಗುವವನಲ್ಲ; ಆದರೆ ಕಟ್ಟಳೆ ಕಟ್ಟಳೆಯಲ್ಲವೇ? ಕೈ ಮತ್ತೆ ಜರಡಿಯ ಕಡೆಗೆ ಹೋಯಿತು. ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಹೋಯಿತು. ಬೆವರು ಕಿತ್ತುಕೊಂಡು ಬಂದು, ಒಲೆಯ ಮುಂದೆಯೇ ಕುಸಿದಳು. ಇಂಥ ಪುಣ್ಯಪುರುಷರ ಮಾತೂ ತನ್ನಲ್ಲಿ ನಿಲ್ಲಲಿಲ್ಲವೆಂದರೆ ತನಗಿನ್ನು ಯಾರಿದ್ದಾರೆ?

ಹೇಗೋ ಎದ್ದು ಹೋಗಿ ಸ್ವಾಮಿಗಳ ಕೋಣೆಯ ಹೊಸ್ತಿಲಲ್ಲಿ ನಿಂತಳು. ಅವರು ಹರಿದ ನಿಲುವಂಗಿಗೆ ಗುಂಡಿ ಹೊಲಿಯುತ್ತಿದ್ದರು.

“ಸ್ವಾಮ್ಯೋರೆ, ನಿಮ್ಮ ಮಾತು ನನ್ನಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನಕ್ಕೇ ಹೋಗ್ಬುಡ್ತು. ನಂಗೆ ವಿಸ್ವಾಸನೇ ಇಲ್ವೇನೋ.”

ಸ್ವಾಮಿಗಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವಳನ್ನು ನೋಡಿದರು.

“ನಂಗೂ ನಿಲ್ಲಲ್ಲ ಕಣವ್ವ” ಎಂದರು.

ಮದಲೇನಮ್ಮನಿಗೆ ಅರ್ಥವಾಗಲಿಲ್ಲ.

“ಹೆದರಿಕೆ ಹೋಗ್ಲಿ ಅಂತ ಕಾಯ್ಬೇಡ. ಅದನ್ನೂ ಕರ್ಕೊಂಡು ಹೋಗಿ ರೊಟ್ಟಿ ಸುಡು.”

ಅವಳು ಹೋಗಿ ಸುಟ್ಟಳು. ನಾಲ್ಕು ಕರಿಕಾದವು, ಮೂರು ಮುರಿದವು. ಉಳಿದವನ್ನು ದುಂಡಗೆ ಕತ್ತರಿಸಿ ಬಟ್ಟೆ ಮುಚ್ಚಿ ಸಿಸ್ಟರಿಗೆ ಒಪ್ಪಿಸಿದಳು. ಜರಡಿಯನ್ನು ಮತ್ತೆ ಮುಟ್ಟಲಿಲ್ಲ. ಸಮಾಧಾನವೇನೂ ಆಗಲಿಲ್ಲ, ಸುಸ್ತಾಯಿತು ಅಷ್ಟೇ.

ಮರುದಿನ ಬೆಳಿಗ್ಗೆ ಗುಡಿಯಲ್ಲಿ ಅವಳು ತನ್ನ ರೂಢಿಯಂತೆ ಹಿಂದಿನ ಗೋಡೆಗೆ ಒರಗಿ ನಿಂತಳು. ಪಕ್ಕದಲ್ಲಿ ಚೌರಪ್ಪನೆಂಬ ಕುರುಡು ಮುದುಕ ಗೋಣಿತಾಟಿನ ಮೇಲೆ ಕುಳಿತಿದ್ದ. ಆಗಿನ ಪದ್ಧತಿಯಂತೆ ಸ್ವಾಮಿಗಳು ಜನರಿಗೆ ಬೆನ್ನು ಮಾಡಿ, ಪೀಠದ ಕಡೆ ಮುಖವಿಟ್ಟು ಪೂಜೆ ನಡೆಸಿದರು. ಗಂಟೆ ಮೊಳಗಿತು. ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಮಂಡಿಯೂರಿದರು. ಇನ್ನೇನು ಸ್ವಾಮಿಗಳು ರೊಟ್ಟಿಯನ್ನು ಕೈಗೆತ್ತಿಕೊಂಡು, ಕ್ರಿಸ್ತರು ಕಡೆಯ ಊಟದಲ್ಲಿ ಆಡಿದ ಮಾತುಗಳನ್ನು ಹೇಳಬೇಕು. ಪೂಜೆಯ ಜೀವವೇ ಆ ಗಳಿಗೆ.

ಸ್ವಾಮಿಗಳು ನಿಂತುಬಿಟ್ಟರು.

ಅವರ ಎಡಗೈ ಪೀಠದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಭುಜಗಳು ಅದುರುತ್ತಿದ್ದವು. ಕತ್ತಿನ ಹಿಂಭಾಗದಲ್ಲಿ ಬೆವರು ಇಳಿಯುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ಯಾರೂ ಕೆಮ್ಮಲಿಲ್ಲ, ಯಾರೂ ಅಲುಗಲಿಲ್ಲ. ಸ್ವಾಮಿಗಳಿಗೆ ಮೈ ಸರಿಯಿಲ್ಲವೆಂದು ಮದಲೇನಮ್ಮ ಗಾಬರಿಯಾಗಿ ಸುತ್ತ ನೋಡಿದಳು.

ಚೌರಪ್ಪ ಅವಳ ಚಡಪಡಿಕೆ ಕೇಳಿಸಿಕೊಂಡು ಪಿಸುಗುಟ್ಟಿದ. “ದಿನಾ ಹಿಂಗೇ ಕಣವ್ವ. ನಾನು ಯೋಗ್ಯನಲ್ಲ, ಮಾತು ತಪ್ಪಿದ್ರೆ ಗತಿಯೇನು ಅಂತ ಹೆದರಿಕೆ ಬರ್ತದೆ ಅವರ್ಗೆ. ಅದಕ್ಕೇ ಅವರ್ನ ದೊಡ್ಡ ಊರಿಗೆ ಹಾಕಲ್ಲ. ನಾವು ಕಾಯ್ತೀವಿ. ಆಮೇಲೆ ಹೇಳ್ತಾರೆ.”

ಮದಲೇನಮ್ಮನಿಗೆ ಬೇರೆ ಯಾರೂ ವಿವರಿಸಬೇಕಾಗಲಿಲ್ಲ. ಆ ಬೆವರು ಅವಳಿಗೆ ಗೊತ್ತಿತ್ತು. ಆ ಹಿಡಿತ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತು, ಸರಿಯೋ ತಪ್ಪೋ, ಸರಿಯೋ ತಪ್ಪೋ ಎಂದು ಎದೆ ಅವಲಕ್ಕಿ ಕುಟ್ಟುವುದು ಗೊತ್ತಿತ್ತು. ನಿನ್ನೆ ಹೊಸ್ತಿಲಲ್ಲಿ ಕೇಳಿದ ಮಾತು ಈಗ ಅರ್ಥವಾಯಿತು. ಒಂಬತ್ತು ತಿಂಗಳಿಂದ ಲೋಕದಲ್ಲಿ ಇಂಥವಳು ತಾನೊಬ್ಬಳೇ ಎಂದುಕೊಂಡಿದ್ದಳು. ಇಲ್ಲಿ ಊರೂರೇ ಕೈಮುಗಿಯುವ ಈ ಮಹಾನುಭಾವರು ದಿನವೂ ದೇವರ ಮುಂದೆಯೇ ನಿಂತು ನಡುಗುತ್ತಿದ್ದರು. ನಡುಗಿಯೂ ದಿನವೂ ಬಂದು ನಿಲ್ಲುತ್ತಿದ್ದರು.

ಅಯ್ಯೋ, ಒಬ್ಬರೇ ನಿಂತಿದ್ದಾರಲ್ಲ! ಮದಲೇನಮ್ಮನಿಗೆ ಹೊಳೆದದ್ದು ಇಷ್ಟೇ. ತನ್ನ ಯೋಗ್ಯತೆಯ ವಿಚಾರ, ಹಿಟ್ಟಿನ ವಿಚಾರ ಯಾವುದೂ ಆಗ ನೆನಪಿಗೆ ಬರಲಿಲ್ಲ. ಕಾಲುಗಳು ತಾವಾಗಿ ನಡೆದವು. ಮಂಡಿಯೂರಿದ್ದ ಮುದುಕಿಯರ ನಡುವೆ ದಾರಿ ಮಾಡಿಕೊಂಡು, ಗುಡಿಯ ಉದ್ದಕ್ಕೂ ನಡೆದು, ಪೀಠದ ಮುಂದಿನ ಮರದ ಕಟಕಟೆಯ ಬಳಿ ದೊಪ್ಪನೆ ಮಂಡಿಯೂರಿದಳು. ಜನ ಪ್ರಸಾದ ಪಡೆಯುವ ಜಾಗವದು. ರೊಟ್ಟಿ ಇನ್ನೂ ಪ್ರಸಾದವಾಗಿರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಅಲ್ಲಿಗೆ ಬರುವುದಿಲ್ಲ, ಬರಲೂ ಬಾರದು. ಸಿಸ್ಟರೊಬ್ಬರು ಕಣ್ಣರಳಿಸಿ ನೋಡಿದರು. ಒಂಬತ್ತು ತಿಂಗಳು ಬಾರದೇ ಉಳಿದವಳು ಅಂದು ಅರ್ಧ ಪೂಜೆಗೇ ಬಂದುಬಿಟ್ಟಿದ್ದಳು.

ಮರದ ಸದ್ದು ಸ್ವಾಮಿಗಳಿಗೆ ಕೇಳಿಸಿತು. ಅವರು ತಿರುಗಲಿಲ್ಲ. ತಮ್ಮ ಹಿಂದೆ, ಮೂರು ಮಾರು ದೂರದಲ್ಲಿ, ಯಾರೋ ತಮ್ಮಷ್ಟೇ ಜೋರಾಗಿ ಉಸಿರಾಡುವುದನ್ನು ಕೇಳುತ್ತ ಕ್ಷಣಹೊತ್ತು ನಿಂತರು. ಆಮೇಲೆ ಪೀಠದ ಅಂಚು ಬಿಟ್ಟು, ಎರಡೂ ಕೈಯಲ್ಲಿ ರೊಟ್ಟಿ ಹಿಡಿದು, ಬಾಗಿ, ಮಾತುಗಳನ್ನು ಒಂದೊಂದಾಗಿ ಹೇಳಿದರು. ರೊಟ್ಟಿಯನ್ನು ಮೇಲೆತ್ತಿದಾಗ ಅವರ ಕೈ ಇನ್ನೂ ನಡುಗುತ್ತಿತ್ತು.

ಪ್ರಸಾದದ ಹೊತ್ತಿಗೆ ಅವರು ಮೊದಲು ಅವಳ ಮುಂದೆಯೇ ಬಂದು ನಿಂತರು. ಮದಲೇನಮ್ಮ ಬಾಯಿ ತೆರೆದಳು. ಇದು ಗೋದಿಯೇ ಹೌದೇ ಎಂದು ಒಳಗಿನ ದನಿ ಕೇಳಿತು. ಕೇಳಲಿ ಎಂದು ಬಿಟ್ಟು, ಸ್ವೀಕರಿಸಿದಳು.

ಪೂಜೆ ಮುಗಿದ ಮೇಲೆ ನಾಚಿಕೆ ಅವಳನ್ನು ಹಿಡಿದುಕೊಂಡಿತು. ಜಗಲಿಗೆ ಬಂದ ಸ್ವಾಮಿಗಳ ಕಾಲಿಗೆ ಬಿದ್ದಳು.

“ತಪ್ಪಾಯ್ತು ಸ್ವಾಮ್ಯೋರೆ. ಹೊತ್ತಿಗೆ ಮುಂಚೆ ಬಂದ್ಬುಟ್ಟೆ.”

ಸ್ವಾಮಿಗಳು ಅವಳನ್ನು ಎಬ್ಬಿಸಿದರು. ಅವರ ಕಣ್ಣು ಒದ್ದೆಯಾಗಿತ್ತೆಂದು ಮದಲೇನಮ್ಮ ಮುಂದೆ ಎಷ್ಟೋ ಜನರಿಗೆ ಹೇಳಿದ್ದಾಳೆ.

“ಮೂವತ್ತೊಂದು ವರ್ಷದಿಂದ ಆ ಹೊತ್ತಲ್ಲಿ ನಾನೊಬ್ಬನೇ ನಿಲ್ತಿದ್ದೆ ಕಣವ್ವ” ಎಂದರು.

ಮದಲೇನಮ್ಮ ಊರಿಗೆ ಮರಳಿ, ಗುಡಿಗೆ ಹೋಗಿ ಇಕ್ಕಳವನ್ನು ಕೇಳಿ ಪಡೆದಳು. ಮುಂದೆ ಇಪ್ಪತ್ತೆರಡು ವರ್ಷ ಕಗ್ಗಲಪಾಳ್ಯ ಅವಳು ಸುಟ್ಟ ರೊಟ್ಟಿಯನ್ನೇ ಪ್ರಸಾದವಾಗಿ ಉಂಡಿತು. ಭಯ ಹೋಯಿತೇ ಎಂದು ಕೇಳಿದವರಿಗೆ ಅವಳು ಸುಳ್ಳು ಹೇಳಲಿಲ್ಲ. ಎಷ್ಟೋ ಬೆಳಿಗ್ಗೆ ಹಿಟ್ಟಿನ ಮುಂದೆ ಅವಳ ಕೈ ನಿಂತುಬಿಡುತ್ತಿತ್ತು. ಅಂಥ ಹೊತ್ತಿನಲ್ಲಿ ಅವಳು ಇಕ್ಕಳವನ್ನು ಕೆಂಡದಿಂದ ಪಕ್ಕಕ್ಕಿಟ್ಟು, ಒಲೆಯ ಮುಂದೆ ಮಂಡಿಯೂರಿ, ತನ್ನ ಭಯ ಕಳೆಯಲೆಂದು ಬೇಡದೆ, “ಸ್ವಾಮ್ಯೋರು ಈಗ ನಿಂತಿರ್ತಾರೆ, ಅವರ ಜೊತೆ ಇರಪ್ಪಾ” ಎಂದು ಬೇಡಿಕೊಳ್ಳುತ್ತಿದ್ದಳು. ಆಮೇಲೆ ಎದ್ದು ಹಿಟ್ಟು ಕಲಸುತ್ತಿದ್ದಳು.